ಹೆಬ್ಬೆರಳಿಗೆ ತೆರೆಯುವ ಚಾಕು

ಕೊಳಕೂರ, ತಾಲೂಕು ಜೇವರ್ಗಿ
ದಿನಾಂಕ 11-12-2024, ಬುಧವಾರ

ಪ್ರೀತಿಯ ಮಗಳು ಪಂಚಶೀಲಾಗೆ ಅವ್ವನ ಜೈಭೀಮ.

ನಿನ್ನ ಆರೋಗ್ಯ ಹೇಗಿದೆ? ಇಡೀ ದಿನ ವಾರ್ಡಿನಲ್ಲಿ ನಿಂತು ನಿನ್ನ ಕಾಲು ಬಾತುಕೊಳ್ಳುತ್ತಿವೆ ಎಂದು ನಿನ್ನ ತಮ್ಮನ ಮಗಳು ಮೈತ್ರಿ ಹೇಳಿದಳು. ಡ್ಯೂಟಿ ಮುಗಿಸಿ ಬಂದ ಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಅರ್ಧ ತಾಸು ಕಾಲು ಮುಳುಗಿಸಿ ಕೂಡು. ನರ್ಸಿಗೆ ಇದನ್ನು ಅವ್ವ ಹೇಳಬೇಕೇ ಎಂದು ನಗಬೇಡ. ಊರಿಗೆಲ್ಲ ಔಷಧ ಹೇಳುವವರು ತಮ್ಮ ಮೈಯನ್ನು ತಾವು ನೋಡಿಕೊಳ್ಳುವುದಿಲ್ಲ, ನಾನು ಕಂಡಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ತಮ್ಮ ಸತೀಶಕುಮಾರ ತೊಗರಿ ರಾಶಿಯ ಗಡಿಬಿಡಿಯಲ್ಲಿದ್ದಾನೆ. ಸೊಸೆಗೆ ವಾರದಿಂದ ನೆಗಡಿ, ಆದರೂ ಬಾಯಿಗೆ ವಿಶ್ರಾಂತಿ ಇಲ್ಲ. ನನ್ನ ಬಿಪಿ ಮೊನ್ನೆ ನೋಡಿಸಿದೆ, ಸರಿಯಾಗಿದೆ ಎಂದರು. ಎಡಗೈ ಇದ್ದಲ್ಲೇ ಇದೆ. ಆದರೆ ಕಿರುಬೆರಳೂ ಅದರ ಪಕ್ಕದ ಬೆರಳೂ ಹೇಳಿದ ಮಾತು ಕೇಳತೊಡಗಿವೆ, ಉಳಿದ ಮೂರು ಇನ್ನೂ ಹಟ ಹಿಡಿದಿವೆ. ಯಾರ ಮೈಯ ಬೆರಳು ಅವು, ಹಟ ಬಿಡುತ್ತವೆಯೇ?

ಫೋನ್ ಇರುವಾಗ ಪತ್ರ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. "ಅವ್ವಾ, ಗುಳಿಗಿ ತಗೊಂಡ್ಯಾ? ಊಟ ಆತಾ? ಸತೀಶಗ ಕೊಡು." ಅಷ್ಟೇ ನಮ್ಮ ಮಾತು. ಎಂಟು ತಿಂಗಳಿನಿಂದ ಅಷ್ಟೇ. ಪತ್ರವಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕಲು ಆಗುವುದಿಲ್ಲ. ಎಡಗೈ ಕಾಗದ ಹಿಡಿಯಲಾರದು, ಅದಕ್ಕೆ ಕಾಗದ ಅಲುಗದಂತೆ ಅದರ ಮೇಲೊಂದು ಭಾರ ಇಟ್ಟಿದ್ದೇನೆ. ಆ ಭಾರ ಒಂದು ಚಾಕು. ಮಡಚುವ ಚಾಕು, ನನ್ನ ಸ್ವಂತದ್ದು. ಈ ಸಾಲು ಓದಿದ ಕೂಡಲೇ ಸತೀಶನಿಗೆ ಫೋನ್ ಹಚ್ಚಿ ಬೈಯಬೇಡ. ಅವನ ತಪ್ಪಿಲ್ಲ. ಪತ್ರ ಪೂರ್ತಿ ಓದು.

ಏಪ್ರಿಲಿನಲ್ಲಿ ನನಗೆ ಲಕ್ವಾ ಹೊಡೆದ ಮೇಲೆ ನೀನು ರಾಯಚೂರಿನಿಂದಲೇ ಹುಕುಂ ಹೊರಡಿಸಿದೆ. ಅವ್ವನ ಕೈಗೆ ಹರಿತವಾದದ್ದು ಯಾವುದೂ ಸಿಗಬಾರದು, ರಕ್ತ ತೆಳ್ಳಗಾಗುವ ಗುಳಿಗೆ ನುಂಗುತ್ತಾಳೆ, ಕೊಯ್ದುಕೊಂಡರೆ ರಕ್ತ ನಿಲ್ಲುವುದಿಲ್ಲ ಎಂದೆ. ನಿನ್ನ ತಮ್ಮ ಅಕ್ಕನ ಮಾತು ಮೀರುವವನಲ್ಲ. ಈಳಿಗಿ, ಅಡುಗೆಮನೆಯ ಚಾಕು, ಎರಡು ಕುಡಗೋಲು, ಕೊನೆಗೆ ನನ್ನ ಹೊಲಿಗೆಯ ಕತ್ತರಿಯನ್ನೂ ಟ್ರಂಕಿಗೆ ಹಾಕಿ ಕೀಲಿ ಜಡಿದ. ಕೀಲಿಕೈ ಸೊಸೆಯ ಸೊಂಟಕ್ಕೆ. ಬದನೆಕಾಯಿ ಕೊಯ್ಯುವಾಗ ಟ್ರಂಕು ತೆರೆಯುವುದು, ಕೊಯ್ದ ಮೇಲೆ ತೊಳೆದು ಮತ್ತೆ ಒಳಗೆ ಹಾಕುವುದು. ನಲವತ್ತೈದು ವರ್ಷ ಈ ಮನೆಯ ಒಲೆ ನಡೆಸಿದವಳು ನಾನು. ಕಳ್ಳಿಯ ಹಾಗೆ ಮೂಲೆಯಲ್ಲಿ ಕೂತು ಆ ಟ್ರಂಕಿನ ಸದ್ದು ಕೇಳಿದೆ. ಆರು ತಿಂಗಳು ಏನೂ ಅನ್ನಲಿಲ್ಲ. ಮೈಯಲ್ಲಿ ಶಕ್ತಿ ಇರಲಿಲ್ಲ, ಅದಕ್ಕೆ ಅನ್ನಲಿಲ್ಲ. ಒಪ್ಪಿಕೊಂಡೆ ಎಂದು ನೀವು ತಿಳಿದಿರಿ.

ನವೆಂಬರಿನಲ್ಲಿ ಎಲ್ಲರೂ ಹತ್ತಿ ಬಿಡಿಸಲು ಹೋದ ಒಂದು ಮಧ್ಯಾಹ್ನ ಅಂಗಳದಲ್ಲಿ ಆಡಿನ ಮರಿ ಒದರಿತು. ಹೊರಗೆ ಬಂದು ನೋಡಿದರೆ ಪ್ಲಾಸ್ಟಿಕ್ ಹಗ್ಗ ಗೂಟಕ್ಕೆ ಸುತ್ತಿ, ಹಿಂಗಾಲಿಗೆ ಸುತ್ತಿ, ಕುತ್ತಿಗೆಗೆ ಬಿಗಿದುಕೊಂಡಿದೆ. ಮರಿ ಎಳೆದಷ್ಟೂ ಗಂಟು ಬಿಗಿ. ಕೋಲು ಬಿಸಾಡಿ ನೆಲಕ್ಕೆ ಕೂತು ಒಂದೇ ಕೈಯಲ್ಲಿ ಗಂಟು ಬಿಚ್ಚಲು ನೋಡಿದೆ. ಹಲ್ಲಿನಿಂದ ಕಚ್ಚಿ ನೋಡಿದೆ. ಅದರ ನಾಲಿಗೆ ಹೊರಗೆ ಬಂತು. ಕೊನೆಗೆ ಕೂಗಿದೆ, ಪಂಚಶೀಲಾ, ನಿನ್ನ ಅವ್ವ ಯಾರನ್ನೂ ಕೂಗಿ ಕರೆದವಳಲ್ಲ, ಕೂಗಿದೆ. ಎದುರು ಮನೆಯ ದೌಲತರಾಯ ಕುಡಗೋಲು ಹಿಡಿದು ಓಡಿ ಬಂದು ಹಗ್ಗ ಕೊಯ್ದ. ಮರಿ ಎದ್ದು ಮೈ ಝಾಡಿಸಿಕೊಂಡು ತಾಯಿಯ ಹತ್ತಿರ ಹೋಯಿತು. ದೌಲತರಾಯ ಒಳ್ಳೆಯವನೇ, ಆದರೆ ನನ್ನನ್ನು ನೋಡಿ, "ಯಾಕ್ರಿ ಕಸ್ತೂರಿಬಾಯಿ, ಇಷ್ಟು ದೊಡ್ಡ ಮನ್ಯಾಗ ಒಂದು ಚಾಕು ಇಲ್ಲೇನ್ರಿ?" ಎಂದ. ಇದ್ದಾವೆ, ನನ್ನಿಂದಲೇ ಬಚ್ಚಿಟ್ಟಿದ್ದಾರೆ ಎನ್ನಲೇ? ಅಂದೇ ನಿಶ್ಚಯಿಸಿದೆ. ನನ್ನ ಸೊಂಟದಲ್ಲಿ ನನ್ನದೊಂದು ಚಾಕು ಇರಬೇಕು. ಬಿದ್ದರೆ ಮೈಗೆ ಚುಚ್ಚಬಾರದು, ಆದ್ದರಿಂದ ಮಡಚುವಂಥದ್ದು. ಒಂದೇ ಕೈಯಿಂದ ಬೇಗ ತೆರೆಯಬೇಕು, ಒಂದೇ ಕೈಯಿಂದ ಮುಚ್ಚಬೇಕು.

ಮೊದಲು ಜೇವರ್ಗಿಯ ಬಜಾರಿಗೆ ಹೋದೆ. ಅಂಗಡಿಯವನು ನಾಲ್ಕು ಚಾಕು ಹರಡಿದ. ಎಲ್ಲದರಲ್ಲೂ ಅಲಗಿನ ಮೇಲೆ ಉಗುರು ಸಿಕ್ಕಿಸುವ ಒಂದು ಗೀರು, ಇನ್ನೊಂದು ಕೈಯಿಂದ ಹಿಡಿಕೆ ಹಿಡಿದು ಎಳೆಯಬೇಕು. "ಎರಡೂ ಕೈಲೆ ಹಿಡದು ಜಗ್ಗರಿ ಬಾಯಿ" ಎಂದ. ಎರಡನೆಯದು ರಜೆಯ ಮೇಲಿದೆ ಎಂದೆ. ಅವನಿಗೆ ತಿಳಿಯಲಿಲ್ಲ, ಸೆರಗಿನೊಳಗಿನ ಕೈ ನೋಡಿದ ಮೇಲೆ ತಿಳಿಯಿತು, ಪಾಪ ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಇನ್ನೊಂದು ತೆಗೆದ. ಗುಂಡಿ ಒತ್ತಿದರೆ ಸಾಕು, ಚಟ್ಟೆಂದು ಅಲಗು ತಾನೇ ಹೊರಗೆ ಹಾರುತ್ತದೆ. "ಇದರಂಥಾ ಜಲ್ದಿ ಯಾವದೂ ಇಲ್ರಿ, ಆದ್ರ ಯಾರ ಮುಂದೂ ತೋರಸಬ್ಯಾಡ್ರಿ, ಪೊಲೀಸರು ಹಿಡೀತಾರ" ಎಂದ. ಅದನ್ನು ನಾನು ಮುಟ್ಟಲಿಲ್ಲ. ಪೊಲೀಸರ ಅಂಜಿಕೆಯಿಂದ ಅಲ್ಲ. ಸೊಂಟದಲ್ಲಿ ಗುಂಡಿ ಒತ್ತಿಕೊಂಡು ತಾನೇ ತೆರೆದರೆ ಏನು ಗತಿ? ಅಲ್ಲದೆ ತಾನಾಗಿ ತೆರೆಯುವ ಚಾಕು ನನಗೆ ಯಾಕೆ? ನಾನು ತೆರೆಯುವ ಚಾಕು ಬೇಕು. ಮತ್ತು ಅದನ್ನು ಎಲ್ಲರ ಮುಂದೆ ತೋರಿಸುವಂತಿರಬೇಕು.

ಮುಂದಿನ ವಾರ ಮೈತ್ರಿಗೆ ಕಾಲೇಜಿನ ರಜೆ ಇತ್ತು. ಕಡಗಂಚಿಯಿಂದ ಬಂದವಳನ್ನು ಕೂಡಲು ಬಿಡದೆ ಕರೆದುಕೊಂಡು ಅಫಜಲಪುರಕ್ಕೆ ಹೋದೆ, ದತ್ತಪ್ಪನ ಕಮ್ಮಾರಸಾಲೆಗೆ. ನಿಮ್ಮಪ್ಪ ಬದುಕಿದ್ದಷ್ಟು ದಿನ ಕುಡಗೋಲು ಅವನ ಹತ್ತಿರವೇ ಬಡಿಸುತ್ತಿದ್ದರು, ನಿನಗೆ ನೆನಪಿರಬೇಕು. ಈಗ ಅವನ ಮೀಸೆಯೂ ಬೆಳ್ಳಗಾಗಿದೆ. ನನ್ನ ಮಾತು ಪೂರ್ತಿ ಕೇಳಿ, ಸುತ್ತಿಗೆ ಕೆಳಗಿಟ್ಟು ಹೇಳಿದ: "ಅಲಗು ಎಂಥಾದು ಬೇಕಂದ್ರೂ ಬಡದು ಕೊಡ್ತೇನ್ರಿ. ಮಡಚೂದು ಮಾತ್ರ ನನ್ನ ವಿದ್ಯಾ ಅಲ್ರಿ, ಸುಳ್ಳು ಯಾಕ ಹೇಳ್ಲಿ. ಅಂಗಡ್ಯಾಗ ತಗೊಳ್ಳುಮುಂದ ತೆರದ ಅಲಗಿನ ಬೆನ್ನು ಕಟ್ಟಿಗಿಗೆ ಒತ್ತಿ ನೋಡ್ರಿ. ಮಡಚಿತಂದ್ರ ಅಲ್ಲೇ ಇಟ್ಟು ಎದ್ದು ಬರ್ರಿ. ತೆರಿಯೂದು ಯಾರರೆ ತೆರೀತಾರ. ಮುಚ್ಚೂಮುಂದನ ಬೆರಳು ಹೋಗತಾವ." ನನಗೆ ಈ ಮಾತು ಬಹಳ ಇಷ್ಟವಾಯಿತು. ಈ ಎಂಟು ತಿಂಗಳಲ್ಲಿ ಒಬ್ಬರಾದರೂ ನನ್ನ ಜೊತೆ ಕೆಲಸದ ಮಾತು ಆಡಿದರಲ್ಲ ಎನ್ನಿಸಿತು, ಉಳಿದವರೆಲ್ಲ ಆಡಿದ್ದು ರೋಗದ ಮಾತು. ಹೊರಡುವಾಗ ಅವನು ಒಂದು ಬೇವಿನ ಹಲಗೆ ತಂದು ಕೆಳಗಿನಿಂದ ಎರಡು ಮೊಳೆ ಹೊಡೆದ, ಮೊನೆ ಮೇಲೆ ಎದ್ದು ನಿಲ್ಲುವಂತೆ. ಉಳ್ಳಾಗಡ್ಡಿಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿದರೆ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಡ. "ನಿಮ್ಮ ಎಡಗೈ ಬರೂ ತನಕ ಈ ಮೊಳಿ ದುಡೀಲಿ" ಎಂದ. ನಿಮ್ಮ ಆಸ್ಪತ್ರೆಯಲ್ಲಿ ಇಷ್ಟು ಬುದ್ಧಿ ಯಾರಿಗಾದರೂ ಹೊಳೆಯಿತೇ ಕೇಳು.

ಆಳಂದದಲ್ಲಿ ಖಾಸೀಂಬಿ ಎಂಬ ಹೆಂಗಸಿನ ಅಂಗಡಿ ಇದೆ ಎಂದು ಮೈತ್ರಿ ಹೇಳಿದ್ದಳು. ಬೀಗ, ಬ್ಯಾಟರಿ, ಕತ್ತರಿ, ಚಾಕು ಮಾರುತ್ತಾಳೆ. ಹೋದ ಶನಿವಾರ ಹಲಗೆಯನ್ನೂ ಎರಡು ಉಳ್ಳಾಗಡ್ಡಿಯನ್ನೂ ಚೀಲದಲ್ಲಿ ಹಾಕಿಕೊಂಡು, ಬಸ್ಸಿನ ಮೇಲೆ ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿದೆವು. ಖಾಸೀಂಬಿಗೆ ನನ್ನಷ್ಟೇ ವಯಸ್ಸು, ನನಗಿಂತ ಎರಡು ಪಟ್ಟು ಗಾತ್ರ. "ಬರ್ರಿ ಬಾಯಿ, ಕೂಡ್ರಿ. ಯಾರಿಗಿ ಬೇಕ್ರಿ ಚಾಕು, ಮಗಗೋ ಅಳಿಯಗೋ?" ಎಂದಳು. ನನಗೇ ಎಂದೆ. ಮೇಲಿನಿಂದ ಕೆಳಗೆ ಒಂದು ಸಲ ನೋಡಿ, "ವಾ, ಇಷ್ಟು ವರ್ಷಕ್ಕ ಒಬ್ಬಾಕಿ ತನಗಂತ ಕೇಳಾಕ ಬಂದ್ಲು" ಎಂದು ಡಬ್ಬಿಗಳನ್ನು ಇಳಿಸತೊಡಗಿದಳು.

ಮೊದಲನೆಯ ಚಾಕುವಿನ ಅಲಗಿನಲ್ಲಿ ಹೆಬ್ಬೆರಳು ಹಾಕಿ ತೆರೆಯಲು ಒಂದು ತೂತು ಇತ್ತು. ನನ್ನ ಬೆರಳು ಒಣಗಿ ಸವೆದದ್ದು, ಜಾರಿತು. ಎರಡನೆಯದು ನೋಡಲು ಚೆಂದ, ಹಿತ್ತಾಳೆಯ ಹಿಡಿ, ಆದರೆ ಕೀಲು ಎಷ್ಟು ಬಿಗಿ ಎಂದರೆ ತೆರೆಯುವಷ್ಟರಲ್ಲಿ ಆಡಿನ ಮರಿ ಸತ್ತು ಮೂರು ದಿನ ಆಗಿರುತ್ತಿತ್ತು. ಇನ್ನೊಂದು ಸಲೀಸಾಗಿ ತೆರೆಯಿತು, ದತ್ತಪ್ಪ ಹೇಳಿದಂತೆ ಬೆನ್ನು ಒತ್ತಿ ನೋಡಿದೆ, ತಕ್ಷಣ ಮಡಚಿತು. ಹಾಗೇ ತಳ್ಳಿದೆ. "ಏ ಬಾಯಿ, ನೀವು ಚಾಕು ತಗೊಳ್ಳಾಕ ಬಂದೀರೋ, ನನ್ನ ಪರೀಕ್ಷಾ ತಗೊಳ್ಳಾಕ ಬಂದೀರೋ?" ಎಂದು ಖಾಸೀಂಬಿ ನಕ್ಕಳು. ಮೆಟ್ರಿಕ್ ಪಾಸಾದವಳು ನಾನು, ಪರೀಕ್ಷೆ ಎಂದರೆ ಹೇಗೆ ನಡೆಯಬೇಕು ಎಂದು ಗೊತ್ತಿದೆ ಎಂದೆ. ಆಗ ಒಳಗಿನಿಂದ ಒಂದು ತಂದಳು. ಕರಿ ಹಿಡಿ, ಬೆವರಿದರೂ ಜಾರದಂತೆ ಗೀರು ಗೀರಾಗಿದೆ. ಅಲಗು ನಾಲ್ಕು ಬೆರಳಿನಷ್ಟು. ಅಲಗಿನ ಬುಡದಲ್ಲಿ ಜೋಳದ ಕಾಳಿನಷ್ಟು ಒಂದು ಉಬ್ಬು. ಹೆಬ್ಬೆರಳಿಂದ ಆ ಉಬ್ಬನ್ನು ತಳ್ಳಿದರೆ ಅಲಗು ತಿರುಗಿ ಬಂದು ಕಟ್ ಎಂದು ನಿಲ್ಲುತ್ತದೆ. ಬೆನ್ನು ಒತ್ತಿದೆ, ಅಲುಗಲಿಲ್ಲ. ಹಿಡಿಯ ಒಳಗೊಂದು ತೆಳ್ಳಗಿನ ಪಟ್ಟಿ ಇದೆ, ಅದನ್ನು ಪಕ್ಕಕ್ಕೆ ಸರಿಸಿದ ಮೇಲೆಯೇ ಮಡಚುತ್ತದೆ. ನೀನು ಕೇಳುವ ಮೊದಲೇ ಹೇಳುತ್ತೇನೆ, ಮೊದಲ ಸಲ ಮುಚ್ಚುವಾಗ ಹೆಬ್ಬೆರಳಿಗೆ ಸ್ವಲ್ಪ ತಾಗಿತು. ರಕ್ತ ಬಂತು, ಒತ್ತಿ ಹಿಡಿದೆ, ಸ್ವಲ್ಪ ತಡವಾಗಿ ನಿಂತಿತು. ಅಲಗಿನ ದಾರಿಯಲ್ಲಿ ಬೆರಳು ಇಡಬಾರದು ಎಂದು ಕಲಿತೆ. ಆಮೇಲೆ ಇಪ್ಪತ್ತು ಸಲ ತೆರೆದು ಮುಚ್ಚಿದೆ, ಒಂದು ಸಲವೂ ತಾಗಲಿಲ್ಲ. ಚೀಲದಿಂದ ಹಲಗೆ ತೆಗೆದು, ಅಂಗಡಿಯ ಕಟ್ಟೆಯ ಮೇಲೆಯೇ ಉಳ್ಳಾಗಡ್ಡಿ ಚುಚ್ಚಿ, ಸಣ್ಣಗೆ ಹೆಚ್ಚಿ ತೋರಿಸಿದೆ. ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ಖಾಸೀಂಬಿ ಕಣ್ಣು ಒರೆಸಿಕೊಳ್ಳುತ್ತ, "ಕೊಯ್ಯಾಕತ್ತೀರಿ ನೀವು, ಅಳಾಕತ್ತಾಕಿ ನಾ! ಇದರೊಳಗ ಏನ್ ನ್ಯಾಯ ಐತ್ರಿ?" ಎಂದಳು.

ಚಾಕುವನ್ನು ಒರೆಸಿ, ಮಡಚಿ, ಅವಳು ಕಟ್ಟೆಯ ಮೇಲೆ ಇಟ್ಟಳು. ಕೈಯಲ್ಲಿ ಕೊಡು ಎಂದೆ. "ಅದೊಂದು ಕೇಳಬ್ಯಾಡ್ರಿ. ಚಾಕು ಕೈಯಿಂದ ಕೈಗಿ ಕೊಟ್ರ ಜಗಳ ಆಗತದ. ನಿಮ್ಮಂಥಾ ಗಿರಾಕಿ ಜೋಡಿ ನನಗ್ಯಾಕ್ರಿ ಜಗಳ? ಎತ್ಕೊಳ್ರಿ" ಎಂದಳು. ನಮ್ಮ ಮನೆಯಲ್ಲಿಯೂ ಇದೇ ರೂಢಿ ಅಲ್ಲವೇ? ನಿನ್ನ ಆಯಿ, ಅಂದರೆ ನನ್ನ ಅತ್ತೆ, ಚಾಕು ಆಗಲಿ ಕತ್ತರಿ ಆಗಲಿ ನೆಲಕ್ಕೆ ಇಟ್ಟ ಮೇಲೆಯೇ ಎತ್ತಿಕೊಳ್ಳುತ್ತಿದ್ದರು. ನಾನು ಇಂಥ ನಂಬಿಕೆಗಳನ್ನೆಲ್ಲ ಬಿಟ್ಟ ಮನೆಯಿಂದ ಬಂದವಳು, ಒಳಗೊಳಗೆ ನಗುತ್ತಿದ್ದೆ. ಆದರೂ ಅವರ ಮುಂದೆ ಇಟ್ಟು ಇಟ್ಟು ಕೈಗೆ ಅದೇ ರೂಢಿಯಾಯಿತು, ನಿಮಗೂ ಅದೇ ಕಲಿಸಿದೆ. ನಾನು ನಗುತ್ತಲೇ ಚಾಕು ಎತ್ತಿಕೊಂಡೆ. ತಿರುಗಿ ನೋಡಿದರೆ ಮೈತ್ರಿಯ ಮುಖ ಬಿಳಿಚಿಕೊಂಡಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಏನಾಯಿತು ಎಂದು ಕೇಳಿದೆ, ಏನಿಲ್ಲ ಎಂದಳು. ನಾನು ಬಿಡಲಿಲ್ಲ. ಕೊನೆಗೆ ಅಂದಳು: "ಆಯಿ, ಪಂಚಶೀಲಾ ಅತ್ತಿ ಮನಿಗಿ ಯಾಕ ಬರವಲ್ಲಳು ಗೊತ್ತೇನ? ನಿನಗ ಲಕ್ವಾ ಹೊಡದ ದಿನ ಮುಂಜಾನೆ ಅತ್ತಿ ನಿನ್ನ ಕೈಯಾಗ ಚಾಕು ಕೊಟ್ಟಿದ್ಲಂತ. ನೆಲಕ್ಕ ಇಡಲಿಲ್ಲಂತ. ಆಮ್ಯಾಲೆ ನೀವಿಬ್ರೂ ಜಗಳಾಡಿದ್ರಿ, ಆಮ್ಯಾಲೆ ನಿನ್ನ ಕೈ ಬಿತ್ತು. ನನ್ನ ಕೈಲೇ ಅವ್ವನ ಕೈ ಹೋತು ಅಂತ ಫೋನಿನ್ಯಾಗ ಅಳತಾಳ." ಇಷ್ಟೇ ಅಲ್ಲ. ಎಂಟು ತಿಂಗಳಿನಿಂದ ನೀನು ಚಾಕು ಮುಟ್ಟಿಲ್ಲವಂತೆ. ಬೆಂಡೆಕಾಯಿಯನ್ನು ಕೈಯಿಂದ ಮುರಿದು ಪಲ್ಯ ಮಾಡುತ್ತೀಯಂತೆ. ಉಳ್ಳಾಗಡ್ಡಿ ಬೇಕಾದರೆ ಪಕ್ಕದ ಮನೆಯವರಿಂದ ಕೊಯ್ಯಿಸಿಕೊಳ್ಳುತ್ತೀಯಂತೆ.

ಮಗಳೇ, ನನಗೆ ಮೊದಲು ಬಂದದ್ದು ಸಿಟ್ಟು. ನಾನು ಇಷ್ಟು ದಿನ ಏನು ತಿಳಿದಿದ್ದೆ ಗೊತ್ತೇ? ಮಗಳಿಗೆ ದೊಡ್ಡ ಆಸ್ಪತ್ರೆಯ ಗರ್ವ, ಅವ್ವನ ಮನೆಯ ಮೇಲೆ ದೂರದಿಂದಲೇ ದರ್ಬಾರು ನಡೆಸುತ್ತಾಳೆ ಎಂದು. ಟ್ರಂಕಿನ ಕೀಲಿ ನಿನ್ನ ಗರ್ವದ ಕೀಲಿ ಎಂದೇ ತಿಳಿದಿದ್ದೆ. ಅದು ಅಂಜಿಕೆಯ ಕೀಲಿ ಎಂದು ಮೈತ್ರಿ ಹೇಳಿದ ಮೇಲೆ ತಿಳಿಯಿತು. ನೀನು ದಿನಕ್ಕೆ ಎಷ್ಟು ಜನರಿಗೆ ಸೂಜಿ ಚುಚ್ಚುತ್ತೀ? ಲಕ್ವಾ ಯಾಕೆ ಹೊಡೆಯುತ್ತದೆ ಎಂದು ಕಲಿತು ಪಾಸಾದವಳು ನೀನು. ನಿನ್ನನ್ನು ಓದಿಸಲು ನಿಮ್ಮಪ್ಪನೂ ನಾನೂ ಇಂಥದ್ದನ್ನು ನಂಬಲೆಂದು ದುಡಿದೆವೇ? ನರ್ಸ್ ಪಂಚಶೀಲಾ ಇದನ್ನು ನಂಬುವುದಿಲ್ಲ, ನನಗೆ ಗೊತ್ತು. ನಂಬಿದ್ದು ಆಯಿಯ ಮೊಮ್ಮಗಳು ಪಂಚಶೀಲಾ. ಅವಳನ್ನು ನಾನೇ ತಯಾರು ಮಾಡಿದ್ದು, ನೆಲಕ್ಕೆ ಇಡು ಎಂದು ಕಲಿಸಿ, ಯಾಕೆ ಎಂದು ಕೇಳಿದರೆ ಸುಮ್ಮನಿರು ಎಂದು ಗದರಿಸಿ.

ಭಾನುವಾರ ಮುಂಜಾನೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, ಸೊಂಟದಿಂದ ಚಾಕು ತೆಗೆದು, ತೆರೆದು, ಮುಚ್ಚಿ ತೋರಿಸಿದೆ. ಸೊಸೆ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. ಸತೀಶ, "ಅವ್ವಾ, ಅಕ್ಕ ನನ್ನ ಜೀವಾ ತಗೀತಾಳ" ಎಂದ. ಅಕ್ಕನಿಗೆ ನಾನು ಬರೆಯುತ್ತೇನೆ, ಕೀಲಿಕೈ ಇಲ್ಲಿ ಕೊಡು ಎಂದೆ. ಕೊಟ್ಟರು. ಟ್ರಂಕು ಖಾಲಿಯಾಗಿದೆ. ಈಳಿಗಿ ಅಡುಗೆಮನೆಗೆ ಬಂತು, ಕುಡಗೋಲು ಗೋಡೆಗೆ ಬಂತು. ನಿನ್ನೆ ಬದನೆಕಾಯಿ ನಾನೇ ಕೊಯ್ದೆ. ಹೋಳು ಸಮ ಬರಲಿಲ್ಲ, ಆದರೂ ಎಲ್ಲರೂ ಉಂಡರು. ಇನ್ನು ಮುಂದೆ ನನ್ನ ಮನೆಯಲ್ಲಿ ನನ್ನಿಂದ ಏನು ಬಚ್ಚಿಡಬೇಕು ಎಂದು ಯಾರೂ ರಾಯಚೂರಿನಿಂದ ಹೇಳಬಾರದು. ಬೈಯುವುದಿದ್ದರೆ ಎದುರಿಗೆ ಬಂದು ನಿಂತು ಬೈಯಿ.

ಇದೇ ಮೂವತ್ತನೆಯ ತಾರೀಖು ಸೋಮವಾರ ಎಳ್ಳ ಅಮಾವಾಸ್ಯೆ. ಪೂಜೆ ನಮಗಿಲ್ಲದಿದ್ದರೂ ಹೊಲದಲ್ಲಿ ಕೂತು ಉಣ್ಣುವುದನ್ನು ನಾವು ಒಂದು ವರ್ಷವೂ ಬಿಟ್ಟಿಲ್ಲ. ಸಜ್ಜೆ ರೊಟ್ಟಿ, ಅಂಬಲಿ, ಎಲ್ಲ ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ. ಭಜ್ಜಿಗೆ ಎಷ್ಟು ಕೊಯ್ಯಬೇಕು ನಿನಗೆ ಗೊತ್ತಲ್ಲ, ಬದನೆ, ಗಜ್ಜರಿ, ಮೆಂತೆ, ಹಸಿ ಉಳ್ಳಾಗಡ್ಡಿ, ಒಂದು ಬುಟ್ಟಿ. ಈ ಸಲ ಅಷ್ಟನ್ನೂ ನಾನೇ ಕೊಯ್ಯುತ್ತೇನೆ, ಬೇವಿನ ಮರದ ಕೆಳಗೆ ಕೂತು. ರಜೆ ಹಾಕು. ಹಿರಿಯ ಸಿಸ್ಟರ್ ಕೊಡುವುದಿಲ್ಲ ಎಂದರೆ ಅವರ ನಂಬರು ಕಳಿಸು, ನಾನು ಮಾತಾಡುತ್ತೇನೆ. ಕಾಲಿಗೆ ಬಿಸಿನೀರು ಮರೆಯಬೇಡ. ನಿನ್ನ ಪಕ್ಕದ ಮನೆಯವರಿಗೆ, ಉಳ್ಳಾಗಡ್ಡಿ ಕೊಯ್ದು ಕೊಟ್ಟ ಆ ಪುಣ್ಯವಂತೆಗೆ ನನ್ನ ನಮಸ್ಕಾರ ಹೇಳು, ಇನ್ನು ಅವರಿಗೆ ತೊಂದರೆ ಇಲ್ಲ ಎಂದೂ ಹೇಳು. ನೂರು ವರ್ಷ ತಲೆ ಎತ್ತಿ ಬಾಳು.

ನಿನ್ನ ಅವ್ವ,
ಕಸ್ತೂರಿಬಾಯಿ

ತಾ.ಕ.: ಸತೀಶ ಗಾಡಿ ಚಾಲೂ ಮಾಡಿಕೊಂಡು ಪತ್ರಕ್ಕಾಗಿ ಕಾಯುತ್ತಿದ್ದಾನೆ, ಜೇವರ್ಗಿಯ ಪೋಸ್ಟಿಗೆ ಹಾಕುತ್ತಾನೆ. ಬೇಗ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯುವುದೇ ಇಲ್ಲ. ಆವತ್ತು ನಮ್ಮ ಜಗಳ ಬಿಪಿ ಗುಳಿಗೆಯ ಮೇಲೆ ಆದದ್ದು. ತಗೊಂಡೆ ಎಂದೆ ನಾನು, ಖಾಲಿಯಾದ ಪಾಕೀಟು ತೋರಿಸು ಎಂದೆ ನೀನು, ಹೆತ್ತವಳನ್ನು ಸುಳ್ಳಿ ಅನ್ನುತ್ತೀಯಾ ಎಂದು ನಾನು ಊರು ಕೇಳುವಂತೆ ಒದರಿದೆ. ನಾನು ಸುಳ್ಳೇ ಹೇಳಿದ್ದೆ. ಜನವರಿಯಿಂದ ಒಂದು ಗುಳಿಗೆಯನ್ನೂ ನುಂಗಿರಲಿಲ್ಲ. ನಾನು ರೋಗಿಯಲ್ಲ ಎಂದು ನನಗೇ ತೋರಿಸಿಕೊಳ್ಳಬೇಕಿತ್ತು. ಅಷ್ಟೂ ಗುಳಿಗೆ ನನ್ನ ಮೆಟ್ರಿಕ್ ಸರ್ಟಿಫಿಕೇಟಿನ ಡಬ್ಬಿಯಲ್ಲಿವೆ, ಅದನ್ನು ಯಾರೂ ತೆಗೆಯುವುದಿಲ್ಲ ಎಂದು ಅಲ್ಲಿಟ್ಟೆ. ನೀನು ಬಂದು ಎಣಿಸು. ನನ್ನ ಕೈ ಬಿದ್ದದ್ದು ಅದರಿಂದ, ನಿನ್ನ ಚಾಕುವಿನಿಂದ ಅಲ್ಲ. ಈಗ ದಿನಾ ತಪ್ಪದೆ ನುಂಗುತ್ತೇನೆ, ಸೊಸೆಯನ್ನು ಕೇಳು. ಅಮಾವಾಸ್ಯೆಯ ದಿನ ಭಜ್ಜಿಗೆ ಕೂತಾಗ ನನ್ನ ಚಾಕುವನ್ನು ನೀನೇ ಕೊಡಬೇಕು, ನೇರವಾಗಿ ಕೈಯಲ್ಲಿ, ಅದೂ ಎಡಗೈಯಲ್ಲಿ. ಮಡಚಿದ ಚಾಕು ಹಿಡಿಯಲು ಎರಡು ಬೆರಳು ಸಾಕು. ನೆಲದ ಮೇಲೆ ಇಟ್ಟರೆ ನಾನು ಎತ್ತಿಕೊಳ್ಳುವುದಿಲ್ಲ.